ತೂಕದವಳು

ನಲವತ್ತು ವರ್ಷ ಬಂದರಿನ ಕಟ್ಟೆಯ ಮೇಲೆ ನಿಂತು
ನೀನು ತಂದ ಕಾಡ್ ಮೀನು ತೂಗಿದವಳು ನಾನು.
ಈಗ ಬಚ್ಚಲಿನ ತಕ್ಕಡಿಯ ಮೇಲೆ ನಿನ್ನನ್ನೇ ನಿಲ್ಲಿಸಿ
ಬಗ್ಗಿ ಅಂಕಿ ಓದುತ್ತೇನೆ, ಟೋರ್ಲೈಫ್:
ಅರವತ್ತೊಂದು. ಮರುವಾರ ಐವತ್ತೊಂಬತ್ತೂವರೆ.

"ಕತ್ತಿ ಮುಟ್ಟುವ ಮುಂಚೆ ಮೈ ಕೂಡಿಸಿಕೊಳ್ಳಿ"
ಅಂದಿದ್ದಳು ಆಸ್ಪತ್ರೆಯ ರಾಗ್ನ್‌ಹಿಲ್ಡ್.
ದಿನಕ್ಕೆ ಮೂರು ಪುಟ್ಟ ಬಾಟಲಿ, ಏಪ್ರಿಕಾಟ್ ರುಚಿ.
ಮೂಗು ಮುಚ್ಚಿ ಎರಡು ಕುಡಿದೆ,
ಒಂದನ್ನು ಸಿಂಕಿಗೆ ಸುರಿದೆ;
ನಾನು ನೋಡಿಲ್ಲವೆಂದು ನಿನ್ನ ಎಣಿಕೆ.

ಎಂಟು ಗಂಟೆ ಕೊಯ್ದರು.
ಆಮೇಲೆ ಹೊಟ್ಟೆಯ ಪಕ್ಕದ ನಳಿಗೆಯಲ್ಲಿ
ರಾತ್ರಿಯಿಡೀ ಹನಿ ಹನಿ ಊಟ.
ಟ್ರೊಮ್ಸೊದಲ್ಲಿ ಆ ತಿಂಗಳು ಸೂರ್ಯ ಹುಟ್ಟುವುದಿಲ್ಲ,
ಬೆಳಗಾಯಿತೆಂದು ಪಂಪು ನಿಂತು ಹೇಳುತ್ತಿತ್ತು.

ಮನೆಯಲ್ಲೀಗ ಮೊಮ್ಮಗಳ ತಟ್ಟೆ,
ತಳದಲ್ಲಿ ನೀಲಿ ಹಿಮಸಾರಂಗ.
ಆರು ಸಲ, ಅಂಗೈಯಷ್ಟು.
ಮೊದಲ ತುತ್ತಿನ ಜೊತೆಗೇ ಮಾತ್ರೆ, ಉಂಡ ಮೇಲಲ್ಲ.
ಮೀನೆಣ್ಣೆ ಕುಡಿದು ಬೆಳೆದ ಮೈ ನಿನ್ನದು,
ಆದರೂ ಮರೆತ ದಿನ ತಿಂದ ಬೆಣ್ಣೆಯೆಲ್ಲ
ಕಕ್ಕಸಿನ ನೀರ ಮೇಲೆ ತೇಲಿತು,
ದೋಣಿ ಹೋದ ಮೇಲಿನ ಡೀಸೆಲ್ಲಿನ ಹಾಗೆ.

ನಿನ್ನೆ ಚಮಚ ಎಸೆದೆ.
"ನಾನೇನು ನಿನ್ನ ಮೀನೇ, ಗ್ರಾಂ ಲೆಕ್ಕ ಹಾಕಲು?"
ನಾನು ಪುಸ್ತಕ ಮುಚ್ಚಿದೆ.
ಬೇರೆ ಚಮಚ ಇಟ್ಟು, ಕಿಟಕಿಯ ಕಡೆ ತಿರುಗಿ
ಯಾರಿಗೂ ಬೇಡದ ಕಾಲುಚೀಲ ಹೆಣೆಯತೊಡಗಿದೆ.

ಬೆನ್ನ ಹಿಂದೆ ಮಾತ್ರೆಯ ಡಬ್ಬಿ ಕಟಕ್ಕೆಂದಿತು.
ಆಮೇಲೆ ಪಿಂಗಾಣಿಗೆ ಚಮಚ ತಾಗುವ ಸದ್ದು,
ಒಂದು ಗೀರು,
ಬಹಳ ಹೊತ್ತಿಗೆ ಇನ್ನೊಂದು.
ಹಿಮಸಾರಂಗದ ಕೊಂಬು ಕಂಡಿತೇ ಎಂದು
ನಾನು ಕೇಳಲಿಲ್ಲ.
ಕುಣಿಕೆ ಎಣಿಸುತ್ತಿದ್ದೆ. ತಪ್ಪಿತು.