ಬಿಸಿಲು ಕಾಣದ ನಾಲ್ಕು ಬೆರಳು

ಕೋಡಿಬಾಗದಲ್ಲಿ, ಕಾಳಿ ಸೇತುವೆ ಇಳಿದ ಕೂಡಲೇ ಎಡಕ್ಕೆ
ತಗಡಿನ ಮಾಡು, ಬಾಗಿಲಿಗೆ ಲಾರಿಯ ಟಾರ್ಪಾಲು.
ಬೋರ್ಡಿಲ್ಲ. ಕೇಳಿದರೆ ಯಾರಾದರೂ ಹೇಳುತ್ತಾರೆ:
ಸೀಟಿನ ಪಾಸ್ಕು.

ಅಲ್ಲಿಗೆ ಬಂತು ಆ ಬೆಂಜು, ತಾನಾಗಿ ಅಲ್ಲ,
ಟೆಂಪೋದ ಹಿಂದೆ ಹಗ್ಗ ಕಟ್ಟಿಸಿಕೊಂಡು.
ಗೋವೆಯಲ್ಲಿ ಪೋರ್ತುಗೀಸರು ಇದ್ದಾಗಿನದು;
ಅದಿರು ಹಡಗುಗಳ ಏಜಂಟ ದತ್ತಾರಾಮ ರಾಯ್ಕರರು
ಮಾಜಾಳಿ ಗೇಟು ದಾಟಿಸಿ ತಂದದ್ದಂತೆ.
ಈಗ ಅವರಿಲ್ಲ. ಮಗಳು ವಿಲಾಸಿನಿ, ಮಗ ಉಲ್ಲಾಸ,
ಇಬ್ಬರಿಗೂ ಅರವತ್ತು ದಾಟಿದೆ, ಇಬ್ಬರದೂ ಒಂದೇ ಮೂಗು.

“ಕೆಂಪು, ಪಾಸ್ಕು. ಮುರುಗಲು ಹಣ್ಣಿನ ಕೆಂಪು.”
“ಎಂಥ ಮುರುಗಲು? ಹಂಚಿನ ಬಣ್ಣ! ನಿನಗಾಗ ಆರು ವರ್ಷ.”
“ನಿನಗೆ ನಾಲ್ಕು!”

ನಾನು ಸೀಟು ನೋಡಿದೆ. ಅದು ಯಾವ ಬಣ್ಣವೂ ಆಗಿರಲಿಲ್ಲ.
ಉಪ್ಪುಗಾಳಿ ಬೇಕಾದ್ದು ತಿಂದು ಬೇಡದ್ದು ಬಿಟ್ಟಿತ್ತು.
ಡ್ರೈವರ್ ಬದಿಯ ಅಂಚು, ಇಳಿಯುವಾಗ ತೊಡೆ ಉಜ್ಜುವ ಜಾಗ,
ಒಣಮೀನಿನ ಚರ್ಮದಂತೆ ಸುಲಿದಿತ್ತು.
ಹಿಂದಿನ ಸೀಟಿನ ಬಿರುಕಿನೊಳಗೆ ಎಷ್ಟೋ ಮಳೆಗಾಲದ ಬೂಷ್ಟು.

ಮೊದಲು ತೊಳೆ. ಇದನ್ನೇ ಹುಡುಗರು ಕಲಿಯುವುದಿಲ್ಲ,
ನೇರ ಬಣ್ಣದ ಡಬ್ಬಿಗೆ ಕೈ ಹಾಕುತ್ತಾರೆ.
ಮೆತ್ತನೆ ಬ್ರಷ್ಷು, ಸೋಪಿನ ನೊರೆ, ನೀರು ಕಮ್ಮಿ.
ಬಟ್ಟೆಗೆ ಬಂದದ್ದು ಕೊಳೆ, ಕೊಳೆಯ ಹಿಂದೆ ಬೆವರು,
ಬೆವರಿನ ಹಿಂದೆ ಯಾರದೋ ತಲೆಯ ತೆಂಗಿನೆಣ್ಣೆ.
ಆಮೇಲೆ ಎಣ್ಣೆ ಕುಡಿಸು, ಎರಡು ರಾತ್ರಿ ಮುಟ್ಟಬೇಡ.
ಬಿರುಕಿಗೆ ಫಿಲ್ಲರು, ಉಗುರಿನ ತುದಿಯಷ್ಟೇ,
ಒಣಗಿದ ಮೇಲೆ ಆರುನೂರು ನಂಬರಿನ ಕಾಗದ.
ಹೊಲಿಗೆ ಬಿಟ್ಟಲ್ಲಿ ಹಳೆಯ ತೂತುಗಳಲ್ಲೇ ಹೊಸ ನೂಲು;
ಹೊಸ ತೂತು ಹೊಡೆದರೆ ಚರ್ಮ
ಅಂಚೆಚೀಟಿಯ ಹಾಗೆ ಕಿತ್ತು ಬರುತ್ತದೆ.

ಬಣ್ಣಕ್ಕೆ ಮಾತ್ರ ಸಾಕ್ಷಿ ಬೇಕು. ಬೆನ್ನಿನ ದಿಂಬು ಬಿಚ್ಚಿದೆ.
ನಾರಿನಡಿ ಒಂದು ಹೇರ್‌ಪಿನ್ನು,
ಸೇತುವೆಗೆ ಮುಂಚಿನ ತಾರಿಯ ಎರಡು ಟಿಕೇಟು,
ಮತ್ತೆ, ದಿಂಬು ದಿಂಬಿಗೆ ಅಂಟಿ ಕೂತಿದ್ದ ಕಡೆ
ನಾಲ್ಕು ಬೆರಳಗಲದ ಪಟ್ಟಿ.
ಬಿಸಿಲು, ಬೆನ್ನು, ಗಾಳಿ ಯಾವುದೂ ತಾಗದ್ದು.
ಮುರುಗಲೂ ಅಲ್ಲ, ಹಂಚೂ ಅಲ್ಲ.
ಸಿಗಡಿ ಬಾಣಲೆಗೆ ಬಿದ್ದು ಒಮ್ಮೆ ಮಗುಚುವಾಗಿನ ಬಣ್ಣ.

ಮೂರು ದಿನ ಬೆರೆಸಿದೆ. ಕೆಂಪು, ಹಳದಿ, ಸೂಜಿಮೊನೆಯಷ್ಟು ಕಪ್ಪು.
ಹೊರಗೆ ಹಿಡಿದು ನೋಡು, ಒಳಗೆ ನೋಡು, ಮೋಡ ಕವಿದಾಗ ನೋಡು.
ಪಟ್ಟಿಯ ಪಕ್ಕಕ್ಕಿಟ್ಟರೆ ಗೆರೆ ಕಾಣಬಾರದು.
ಕಾಣಲಿಲ್ಲ.
ಇಡೀ ಸೀಟಿಗೆ ಹೊಡೆದು ಅವರನ್ನು ಕರೆಸಿದೆ.

ಇಬ್ಬರೂ ಟಾರ್ಪಾಲಿನ ಹತ್ತಿರವೇ ನಿಂತರು.
ಇದು ಯಾರ ಕಾರು? ಅಂದಳು ಅಕ್ಕ.
ಯಾರದ್ದೋ, ಅಂದ ತಮ್ಮ.
ಅರವತ್ತು ವರ್ಷದಲ್ಲಿ ಅವರು ಒಪ್ಪಿದ ಮೊದಲ ಮಾತಿರಬೇಕು.

ಪಟ್ಟಿ ತೋರಿಸಿದೆ. ವಾದಿಸಲಿಲ್ಲ, ನಂಬಲೂ ಇಲ್ಲ.
“ಅಲ್ಲಿ ಅಪ್ಪ ಕೂತಿರಲಿಲ್ಲವಲ್ಲ ಪಾಸ್ಕು.”

ಸರಿ. ಸ್ಟೂಲು ಹಾಕಿದೆ, ಚಹಾ ತರಿಸಿದೆ.
ಅವರ ಕಣ್ಣೆದುರೇ ಬಟ್ಟಲಿಗೆ ಕಂದು, ಒಂದೊಂದೇ ತೊಟ್ಟು.
ಏಳನೆಯದಕ್ಕೆ ಇಬ್ಬರೂ ಒಟ್ಟಿಗೆ ಎದ್ದರು.
“ಇದೇ! ಮುರುಗಲು.”
“ಇದೇ. ಹಂಚು.”
ಒಂದೇ ಬಟ್ಟಲು. ನಾನು ಬಾಯಿ ಬಿಡಲಿಲ್ಲ,
ಎರಡನೆಯ ಸಲದ ಬಣ್ಣಕ್ಕೆ ಬಿಲ್ಲು ಯಾರು ಕಟ್ಟುತ್ತಾರೆ
ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಆ ನಾಲ್ಕು ಬೆರಳಿಗೆ ಮಾತ್ರ ಗನ್ನು ತೋರಿಸಲಿಲ್ಲ.
ಟೇಪು ಅಂಟಿಸಿ ಉಳಿಸಿದೆ, ಟೇಪು ಕಿತ್ತು ದಿಂಬು ಮುಚ್ಚಿದೆ.
ಟಿಕೇಟು ಎರಡೂ ಅಲ್ಲೇ ಇವೆ. ಹೇರ್‌ಪಿನ್ನು ವಿಲಾಸಿನಿಬಾಯಿ
ನೋಡಿ, ಯಾರದೆಂದು ಹೇಳದೆ, ಪರ್ಸಿಗೆ ಹಾಕಿಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಮಗಳು ಅನ್ಸಿಲ್ಲಾ
ನನ್ನ ಹೆಬ್ಬೆರಳು ಹಿಡಿದು ಉಗುರು ನೋಡಿದಳು:
“ಪಾಪ್ಪಾ, ಒಬ್ಬನೇ ಎಲ್ಲಿ ಸಿಗಡಿ ತಿಂದು ಬಂದೆ?”
ಬೈತಖೋಲಿನ ಬೋಟುಗಳು ದಡ ಹತ್ತಿ
ಆಗಲೇ ಮೂರು ವಾರವಾಗಿತ್ತು.