ಮಾಳಿಗೆಯ ತಿಪ್ಪೆ

ನನಗಿಂತ ಮೊದಲು ಹುಟ್ಟಿದ ಇಬ್ಬರು
ಹೆಸರಿಡುವ ಮುಂಚೆಯೇ ಹೋದರಂತೆ.
ಮೂರನೆಯವಳು ನಾನು.
ಹನ್ನೊಂದನೇ ದಿನ ಅವ್ವ
ಮೊರದಲ್ಲಿಟ್ಟುಕೊಂಡು ಹೋಗಿ
ಊರ ಹೊರಗಿನ ತಿಪ್ಪೆ ಮೇಲೆ ಹೊರಳಿಸಿ
'ಕಸ ಇದು, ಯಾರಿಗೆ ಬೇಕು' ಎಂದು
ಸಾವಿಗೆ ಕೇಳುವಷ್ಟು ಗಟ್ಟಿಯಾಗಿ ಅಂದು,
ಹಿಂದೆಯೇ ಬಂದು ಎತ್ತಿಕೊಂಡ ಸೋದರತ್ತೆಗೆ
ಒಂದು ಸೇರು ನವಣೆ ಕೊಟ್ಟು
ವಾಪಸ್ ಕೊಂಡಳಂತೆ.
ತಿಪ್ಪಮ್ಮ ಅಂತ ಹೆಸರಾಯ್ತು.

ಬಳ್ಳಾರಿಯ ಜೀನ್ಸ್ ಯೂನಿಟ್ಟಿನ
ಹಾಜರಿ ಪುಸ್ತಕದಲ್ಲಿ ನಾನು ದೀಪಾ.
ಹದಿನಾಲ್ಕು ವರ್ಷದಿಂದ ದೀಪಾ.
ಜೇಬು ಹೊಲಿಯುತ್ತೇನೆ, ಬರೀ ಜೇಬು,
ಹಿಂದಿನದು, ಬಲಗಡೆಯದು.
ಪೂರಾ ಪ್ಯಾಂಟು ಹೊಲಿಯಲು ನನಗೆ ಇವತ್ತಿಗೂ ಬರುವುದಿಲ್ಲ.

ಕೌಲ್‌ಬಜಾರಿನ ಬಾಡಿಗೆ ಮನೆ, ಮೇಲೆ ಬಯಲು ಮಾಳಿಗೆ.
ಹಳೇ ಎಣ್ಣೆ ಡಬ್ಬಿಯಲ್ಲಿ ಮಸಾರಿ ಮಣ್ಣು ತುಂಬಿ
ಬದನೆ ಇಟ್ಟಿದ್ದೆ.
ಏಪ್ರಿಲ್ಲಿಗೆ ಮಣ್ಣು ಇಟ್ಟಿಗೆಯಾಯ್ತು,
ಬೇರು ಒಳಗೇ ಸಿಕ್ಕಿಕೊಂಡು ಸತ್ತಿತು.
ಪಕ್ಕದ ಮಾಳಿಗೆಯಿಂದ ಮಾಬುನ್ನಿ,
ಸಂಡಿಗೆ ತಿರುವುತ್ತಾ,
'ನೀರು ಕೊಟ್ಟೆ, ಊಟ ಯಾವಾಗ ಕೊಟ್ಟೆ?' ಅಂದಳು.

ತಳ ಒಡೆದ ನೀಲಿ ಕೊಡ.
ಸರಳು ಕಾಯಿಸಿ ಸುತ್ತಲೂ ತೂತು ಹಾಕಿದೆ,
ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಮಾಬುನ್ನಿ ಮೂಗು ಮುಚ್ಚಿದಳು.
ಉಳ್ಳಾಗಡ್ಡಿ ಸಿಪ್ಪೆ, ಬೆಂಡೆಕಾಯಿ ತೊಟ್ಟು,
ಹಿಂಡಿದ ಚಾಪುಡಿ, ಹುಳಿ ಬಂದ ಮಜ್ಜಿಗೆ.
ಮಿರ್ಚಿ ಕಟ್ಟಿದ ಕಾಗದ ಬೇಡ, ಎಣ್ಣೆ ಐತೆ.
ಬೇವಿನ ಸೊಪ್ಪು ಹಾಕಿದರೆ ಹಾಕು,
ಅದು ಕೊಳೆಯಲು ಹಟ ಮಾಡುತ್ತೆ.

ಮೂರನೇ ವಾರ ನಾತ.
ಓನರ್ ಎರ್ರಿಸ್ವಾಮಿ ಲುಂಗಿ ಎತ್ತಿ ಕಟ್ಟಿ
ಮೆಟ್ಟಿಲು ಹತ್ತಿ ಬಂದು
ಬಿಸಿಲಲ್ಲಿ ನಿಂತು ಕೂಗಿದರು:
'ಯಾರದಿದು, ಮಾಳಿಗೆ ಮೇಲೆ ತಿಪ್ಪೆ?'
ನಾನು ಬಟ್ಟೆ ಹಿಂಡುತ್ತಿದ್ದವಳು
'ಹ್ಞಾಂ' ಅಂದೆ,
ಊರಿನಿಂದ ಯಾರೋ ಬಂದು ಕರೆದ ಹಾಗೆ.

ಹಸಿ ಹೆಚ್ಚಾಗಿತ್ತು, ಒಣದು ಬೇಕಿತ್ತು.
ಒಣದಕ್ಕೇನು ಬರ?
ಯೂನಿಟ್ಟಿನಲ್ಲಿ ಸಂಜೆ ಕಸ ಗುಡಿಸಿದರೆ
ಮಿಷನ್ನುಗಳ ಕೆಳಗೆ ನೀಲಿ ನೂಲಿನ ಧೂಳು,
ಹದಿನಾಲ್ಕು ವರ್ಷ ನನ್ನ ಮೂಗಿನೊಳಗೆ ಹೋದದ್ದೇ,
ಚೀಲ ತುಂಬಿ ತಂದೆ.
ಹತ್ತಿಯೇ ತಾನೆ ಅದು,
ಎರೆ ಹೊಲದಿಂದ ಎದ್ದು ಹೋದದ್ದು.
ಒಂದು ಪದರು ಸಿಪ್ಪೆ, ಒಂದು ಪದರು ನೀಲಿ.
ನಾತ ಹೋಯ್ತು. ಎರ್ರಿಸ್ವಾಮಿಯೂ ಸುಮ್ಮನಾದರು.

ನಲ್ಲಿ ಬರುವುದು ಒಂಬತ್ತು ದಿನಕ್ಕೊಮ್ಮೆ.
ಅಕ್ಕಿ ತೊಳೆದ ನೀರು ಅದಕ್ಕೆ,
ಪಾತ್ರೆ ತೊಳೆದದ್ದು ಸಂಡಾಸಿಗೆ.
ಮಾರ್ಗಶಿರದ ಒಂದು ನಸುಕಿನಲ್ಲಿ
ಮೊಳಕೈವರೆಗೂ ಕೈ ಇಳಿಸಿ ನೋಡಿದೆ:
ಹೊರಗೆ ಚಳಿ,
ಒಳಗೆ ಬಾಣಂತಿ ಕೋಣೆಯ ಕಾವು.
ಕೈ ತೆಗೆಯಲು ಮನಸ್ಸಾಗಲಿಲ್ಲ.
ಅವತ್ತು ಯೂನಿಟ್ಟಿಗೆ ತಡವಾಗಿ
ಅರ್ಧ ದಿನದ ಪಗಾರ ಹೋಯ್ತು.

ಯುಗಾದಿ ಕಳೆದು ಕೊಡ ಬೋರಲು ಹಾಕಿದೆ.
ಕಪ್ಪು, ಉದುರು ಉದುರು,
ಮೊದಲ ಮಳೆಯ ಎರೆ ಹೊಲದ ವಾಸನೆ.
ಬೇವಿನ ಕಡ್ಡಿ ಮಾತ್ರ ಹಾಗೇ ಇತ್ತು.
ಜಾಲಿಸುವಾಗ ಕೈಗೆ ಏನೋ ತೊಡರಿತು.
ಎತ್ತಿ ಹಿಡಿದೆ.

ಕಸದ ಚೀಲದಲ್ಲಿ ಬಂದಿತ್ತೇನೋ, ಸೊಟ್ಟ ಬಂದ ಜೇಬು.
ಬಟ್ಟೆ ಪೂರಾ ಕರಗಿ
ಹೊಲಿಗೆ ಮಾತ್ರ ಉಳಿದಿದೆ,
ಪಾಲಿಸ್ಟರ್ ದಾರ, ಕಿತ್ತಳೆ ಬಣ್ಣ,
ಜೇಬಿನದೇ ಆಕಾರ, ಒಳಗೆ ಬರೀ ಗಾಳಿ.
ಮೂಲೆಯಲ್ಲಿ ಒಂದು ಹೊಲಿಗೆ ಹೆಚ್ಚು.
ಸೂಪರ್‌ವೈಸರ್ ಬೈದರೂ ನಾನು ಬಿಡದ ಚಾಳಿ ಅದು.
ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದೆ.
ಆಮೇಲೆ ಬಟ್ಟೆ ಒಣಗಿಸುವ ತಂತಿಗೆ ಸಿಕ್ಕಿಸಿದೆ.
ಈಗಲೂ ಅಲ್ಲೇ ಐತೆ, ಗುಬ್ಬಿ ಎಳೆದು ನೋಡುತ್ತವೆ.

ಮೊನ್ನೆ ಎರ್ರಿಸ್ವಾಮಿ ಬಕೆಟ್ ಹಿಡಿದು ಬಂದರು,
ಕರಿಬೇವಿಗೆ ಹುಳ ಬಿದ್ದೈತಂತೆ, ಸೊರಗೈತಂತೆ.
'ದೀಪಾ, ಒಂದು ಬಕೆಟ್ ಗೊಬ್ಬರ...'
'ಒಂದು ಸೇರು ನವಣೆ ಆಗುತ್ತೆ' ಅಂದೆ.
ಅವರು ನಕ್ಕರು, ಅರ್ಥವಾಗಲಿಲ್ಲ.
ತುಂಬಿ ಕೊಟ್ಟೆ, ದಬಾಯಿಸಿ ದಬಾಯಿಸಿ.

ಸಂಜೆ ಅವರ ಮೊಮ್ಮಗಳು
ಸ್ಟೀಲ್ ಡಬ್ಬಿ ತಂದು ಬಾಗಿಲಲ್ಲಿ ನಿಂತಳು.
ಅಕ್ಕಿ ಇತ್ತು. ನವಣೆ ಸಿಗಲಿಲ್ಲವಂತೆ.
'ತಾತ ಕೇಳಿದರು,
ಯಾರ ಹೆಸರಿಗೆ ಬರೆದುಕೊಳ್ಳಬೇಕು ಅಂತ.'