ಐವತ್ತಮೂರು ಕಿಲೋ ಜಾಗ

ಹಾಯಿ ಕಟ್ಟಲು ಬರುತ್ತದೆಂದು ನನ್ನನ್ನು ಕರೆದದ್ದಲ್ಲ.
ನಾಲ್ವರೂ ಸೇರಿ ಮುನ್ನೂರು ಕಿಲೋ ಮೀರಬಾರದು;
ಗಾನಿಮ್, ರೊಡೆಲ್, ಟ್ಯುನೀಷಿಯಾದ ನಿಝಾರ್,
ಮೂವರನ್ನೂ ತೂಗಿ ಕೂಡಿದಾಗ ಉಳಿದದ್ದು
ಐವತ್ತಮೂರು ಕಿಲೋ ಜಾಗ.
ಆಸ್ಪತ್ರೆಯ ಕ್ಯಾಂಟೀನಿನಲ್ಲಿ ರೊಡೆಲ್
ಅಡಿಯಿಂದ ಮುಡಿಯವರೆಗೆ ನೋಡಿ
"ಸಿಸ್ಟರ್, ನಿಮ್ಮ ತೂಕ ಎಷ್ಟು?" ಅಂದ.
ಕೂಸುಗಳನ್ನು ತೂಗುವುದು ನನ್ನ ಕಸುಬು.
ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ.

ದೋಹಾದ ಕಟ್ಟೆಯಲ್ಲಿ ಹನ್ನೆರಡು ದೋಣಿ,
ಒಂದೇ ಅಚ್ಚಿನಿಂದ ಉದುರಿಸಿದ ಬೆಲ್ಲದ ಹಾಗೆ.
ಅದೇ ಮೈ, ಅದೇ ಕಂಬ, ಹಾಯಿಗೂ ಅದೇ ಅಳತೆ.
ಯಾವುದು ಯಾರದೆಂದು ಹೇಳುವುದು
ಬಟ್ಟೆಚೀಲದೊಳಗಿನ ಬಿಲ್ಲೆ.
ಹೋದ ವಾರ ಗೆದ್ದ ನಾಲ್ಕನೇ ನಂಬರು
ಈ ಶುಕ್ರವಾರ ಇನ್ಯಾರದೋ ಪಾಲು.
ನಮಗೆ ಬಂದದ್ದು ಒಂಬತ್ತು.
ಚುಕ್ಕಾಣಿಯ ಹಿಡಿಯಲ್ಲಿ ಯಾರದೋ ಅಂಗೈ ಗುರುತು.

ತಕ್ಕಡಿ ಏರಿದೆ: ಐವತ್ತೆರಡೂವರೆ.
"ಇನ್ನೂ ಅರ್ಧ ಕಿಲೋ ಖರ್ಜೂರ ತಿನ್ನಬಹುದು"
ಎಂದು ನಕ್ಕ ಗಾನಿಮ್.

ಕೊಂಬು ಕೂಗಿತು. ಹನ್ನೆರಡು ಹಾಯಿ ಒಂದೇ ಗುಕ್ಕಿಗೆ
ಗಾಳಿ ನುಂಗಿದವು.
ಶಮಾಲ್ ಎಂದರೆ ಬಡಗಣ ಗಾಳಿ,
ಹಲ್ಲಿನ ಸಂದಿಯಲ್ಲಿ ಮರಳು.
ಮೇಲೆದ್ದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆ;
ದಿಕ್ಕು ಬದಲಿಸಿದಾಗಲೆಲ್ಲ ಅಡ್ಡಮರದಡಿ ನುಸುಳಿ
ಆ ಬದಿಗೆ, ಮತ್ತೆ ಈ ಬದಿಗೆ.
ಭಾರವಾಗುವುದೂ ಒಂದು ಕೆಲಸ,
ಹೊತ್ತರಿತು ಆಗಬೇಕು.
ಮೊಣಕಾಲು ತರಚಿತು. ನಾವು ಮೂರನೆಯವರು.

ಸಫ್ಲಿಯಾ ದ್ವೀಪವೆಂದರೆ ಒಂದು ಬೊಗಸೆ ಮರಳು,
ಬಿಸಿಲಿಗೆ ಹಾಕಿ ಮರೆತ ಹಪ್ಪಳ.
ಅದರ ಬೆನ್ನಿಗೆ ಬಂದಾಗ ಮುಂದಿನ ಎರಡು ದೋಣಿ
ದಡಕ್ಕೆ ಒತ್ತಿಕೊಂಡು ನುಗ್ಗಿದವು.
ಬಗ್ಗಿ ನೋಡಿದೆ.
ತಳದ ಮರಳಿನ ಸುಕ್ಕು ಒಂದೊಂದೂ ಎಣಿಸುವಂತೆ,
ಏಡಿಯ ನೆರಳು ಏಡಿಗಿಂತ ಕಪ್ಪಗೆ.
ನಮ್ಮ ದೋಣಿಯಡಿಗೋ ಆಳುದ್ದದ ಕಬ್ಬಿಣದ ಅಲಗು.

ಅಘನಾಶಿನಿಯ ಕದಡು ನೀರಲ್ಲಿ ಎದೆಮಟ ನಿಂತು
ಕಾಲಬೆರಳಲ್ಲೇ ಬಳಚು ಹುಡುಕುವ ಅವ್ವಿ,
ಅವಳ ಶಾಸ್ತ್ರ ಒಂದೇ ಸಾಲು:
ತಳ ಕಂಡ್ರೆ ಕಾಲಿಡು, ಕಾಣ್ದಿದ್ರೆ ಕೈಮುಗಿ.

"ನೀರಿಲ್ಲ!" ಎಂದೆ. ಕನ್ನಡದಲ್ಲೇ ಎಂದೆ.
ಮೂರು ಗಂಡಸರಿಗೂ ಅರ್ಥವಾಯಿತು.
ಗಾನಿಮ್ ಒಮ್ಮೆ ನನ್ನ ಮುಖ ನೋಡಿ
ಚುಕ್ಕಾಣಿ ತಿರುಗಿಸಿದ
ದೂರಕ್ಕೆ, ಇನ್ನೂ ದೂರಕ್ಕೆ, ಸುತ್ತು ದಾರಿಗೆ.

ಆ ಎರಡೂ ಸಿಕ್ಕಿಕೊಳ್ಳಲಿಲ್ಲ.
ಅವುಗಳ ಹಿಂದೆ ಇನ್ನೂ ಮೂರು, ಇನ್ನೂ ನಾಲ್ಕು
ಬೆಣ್ಣೆಯಿಂದ ಕೂದಲು ತೆಗೆದಂತೆ ದಾಟಿದವು.
ಅಲ್ಲಿ ಎರಡಾಳು ನೀರಿತ್ತು.
ಇಲ್ಲಿಯ ಕಡಲು ಏನನ್ನೂ ಮುಚ್ಚಿಡುವುದಿಲ್ಲ;
ಎಲ್ಲವನ್ನೂ ತೋರಿಸುತ್ತದೆ,
ಆಳವೊಂದನ್ನು ಬಿಟ್ಟು.

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿದ್ದೆ.
ನಿಝಾರ್ ಸುತ್ತಿದ ಹಗ್ಗವನ್ನೇ ಮತ್ತೆ ಸುತ್ತಿದ.
ರೊಡೆಲ್ ನೀರಿನ ಬಾಟಲಿ ಚಾಚಿದ.
ಧೂಳಿನ ಮಬ್ಬಿನೊಳಗಿಂದ ಪೇಟೆಯ ಗೋಪುರಗಳು
ಒಂದೊಂದಾಗಿ ಎದ್ದು ನಿಂತವು.
ಕೊನೆಯ ಹಾದಿಯಲ್ಲಿ ಗಾಳಿ ಹರಿದು ತುಂಡಾಗಿತ್ತು:
ನೀರ ಮೇಲೆ ಎಡಕ್ಕೊಂದು ಕಪ್ಪು ಪಟ್ಟೆ,
ಬಲಕ್ಕೊಂದು.
ಗಾನಿಮ್ ತಿರುಗದೆಯೇ ಕೇಳಿದ:
"ಸಿಸ್ಟರ್, ಯಾವ ಕಡೆ?"

ಬಾಯಿ ಒಣಗಿತ್ತು. ಕೈ ಎಡಕ್ಕೆ ತೋರಿತು.
ಏಳನೆಯವರಾಗಿ ಬಂದೆವು.
ಬಲಕ್ಕೆ ಹೋಗಿದ್ದರೆ ನಾಲ್ಕನೆಯವರೆಂದು
ನಿಝಾರ್ ಇವತ್ತಿಗೂ ವಾದಿಸುತ್ತಾನೆ.

ದೋಣಿಗೆ ಸಿಹಿನೀರು ಹೊಯ್ದು ಉಪ್ಪು ತೊಳೆದೆವು.
ಒಂಬತ್ತರ ಬಿಲ್ಲೆ ಚೀಲಕ್ಕೆ ಮರಳಿತು.

ರಾತ್ರಿ ಪಾಳಿಯ ಮೊದಲ ಕೂಸು
ಒಂದು ಕಿಲೋ ಒಂಬೈನೂರರ ಆಸುಪಾಸು;
ತಕ್ಕಡಿಯ ಮೇಲೆ ಕಾಲು ಮಡಚಿ, ಬಿಚ್ಚಿ,
ಇದ್ದಷ್ಟು ಭಾರವನ್ನು
ಆ ಬದಿಗೆ, ಮತ್ತೆ ಈ ಬದಿಗೆ ಸರಿಸುತ್ತಿತ್ತು.
ಅಂಕಿ ನಿಲ್ಲಲು ಹೊತ್ತು ಹಿಡಿಯಿತು.
ಕಾದೆ.
ಮೊಣಕಾಲು ಉಪ್ಪಿಗೆ ಇನ್ನೂ ಉರಿಯುತ್ತಿತ್ತು.